ನೆರೆ ಪರಿಹಾರಕ್ಕೆ ಹಣ ಕೊಡುವ ಮುನ್ನ...

ಜಹೀರಾಬಾದ್: ಮಳೆ ಜೋರಾಯಿತೆಂದರೆ ನಮ್ಮ ಗಡಿಭಾಗಕ್ಕೆ ಎರಡು ಸುದ್ದಿ ಒಟ್ಟಿಗೇ ಬರುತ್ತವೆ. ಒಂದು ಮಾಂಜ್ರಾ ತುಂಬಿದ ಸುದ್ದಿ, ಇನ್ನೊಂದು ಚಂದಾ ಎತ್ತುವವರ ಸುದ್ದಿ. 2025ರ ಆಗಸ್ಟ್ ಕೊನೆಯಲ್ಲಿ ಕಾಮಾರೆಡ್ಡಿ, ಮೆದಕ್ ಜಿಲ್ಲೆಗಳಲ್ಲಿ ಮಳೆ ಹಾಹಾಕಾರ ಎಬ್ಬಿಸಿತು. ಮುಂದಿನ ತಿಂಗಳ ಕೊನೆಗೆ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ತಾಂಡೂರಿನ ಕಾಗಿಣಾ ಹೋಗಿ ಸೇರುವುದೂ ಅದೇ ಭೀಮೆಯನ್ನು. ನಾರಾಯಣಖೇಡದವರಿಗೆ ಬೀದರಿನಲ್ಲಿ ಬೀಗರು, ತಾಂಡೂರಿನವರಿಗೆ ಸೇಡಂ ಕಡೆ ಹೊಲ. ಹೀಗಿರುವಾಗ ಕೊಡುವುದಿಲ್ಲ ಎನ್ನುವವರು ನಮ್ಮಲ್ಲಿ ಕಡಿಮೆ. ಯಾರಿಗೆ, ಹೇಗೆ ಕೊಡಬೇಕು ಎಂಬುದೇ ತೊಡಕು.

ಮೊದಲು ಹಳೆ ಬಟ್ಟೆಯ ವಿಚಾರ. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲೆಡೆಯಿಂದ ಲಾರಿಗಟ್ಟಲೆ ಬಟ್ಟೆ ಹೋಯಿತು. ಅದರಲ್ಲಿ ಬಹಳಷ್ಟು ಯಾರಿಗೂ ಬೇಡವಾಗಿ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ದಿಲ್ಲಿಯ ಗೂಂಜ್ ಸಂಸ್ಥೆ ಅದನ್ನು ಆರಿಸಿ, ತೊಳೆದು, ಬೇರೆ ಉಪಯೋಗಕ್ಕೆ ತರಬೇಕಾಯಿತು. ಸಾಮಾನು ಕಳಿಸಿದರೆ ಲಾರಿ ಬಾಡಿಗೆ, ಹಮಾಲಿ, ಗೋದಾಮು ಎಲ್ಲಕ್ಕೂ ಖರ್ಚು. ಅದೇ ಹಣ ಕೊಟ್ಟರೆ ಅಲ್ಲಿಯವರು ಬೇಕಾದದ್ದನ್ನು ಹತ್ತಿರದ ಪೇಟೆಯಲ್ಲೇ ಕೊಳ್ಳುತ್ತಾರೆ. ನೆರೆಯಿಂದ ಕೂತುಹೋದ ಅಲ್ಲಿನ ಕಿರಾಣಿ ಅಂಗಡಿಯೂ ನಡೆಯುತ್ತದೆ. ಪಕ್ಕದ ಊರೇ ಮುಳುಗಿದ್ದರೆ ಮಾತು ಬೇರೆ. ಒಲೆ ಹೊತ್ತದ ಮೊದಲೆರಡು ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ದೊಡ್ಡ ದಾನ ಇಲ್ಲ.

ಹಣ ಎಂದರೆ ಮೊದಲು ನೆನಪಾಗುವುದು ಸರ್ಕಾರಿ ನಿಧಿ. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ 1948ರಿಂದ ಇದೆ. ತೆಲಂಗಾಣ, ಕರ್ನಾಟಕ ಎರಡರಲ್ಲೂ ಮುಖ್ಯಮಂತ್ರಿ ಪರಿಹಾರ ನಿಧಿಗಳಿವೆ. ಆದರೆ ಈ ನಿಧಿಗಳಿಂದ ಬಡವರ ಆಸ್ಪತ್ರೆ ಖರ್ಚಿಗೂ ಹಣ ಹೋಗುತ್ತದೆ. ಅದೂ ಒಳ್ಳೆಯ ಕೆಲಸವೇ ಅನ್ನಿ. ನಿಮ್ಮ ದುಡ್ಡು ನೆರೆಗೇ ಹೋಗಬೇಕೆಂದಿದ್ದರೆ ಅದಕ್ಕೆಂದೇ ಬೇರೆ ಖಾತೆ ಪ್ರಕಟಿಸಿದ್ದಾರೆಯೇ ನೋಡಿ. 2019ರ ನೆರೆಯಲ್ಲಿ ಕರ್ನಾಟಕ ಸರ್ಕಾರ ಪ್ರಕೃತಿ ವಿಕೋಪಕ್ಕೆಂದೇ ಇಂಥ ಖಾತೆ ಇಟ್ಟಿತ್ತು.

ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ನಾವು ಚಂದಾ ಕೊಡಲಿ ಬಿಡಲಿ, ಸರ್ಕಾರ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಪರಿಹಾರ ಕೊಡಲೇಬೇಕು. ನಮ್ಮಂಥ ರಾಜ್ಯಗಳಲ್ಲಿ ಆ ನಿಧಿಗೆ ಶೇ. 75 ಕೇಂದ್ರದ್ದು, ಶೇ. 25 ರಾಜ್ಯದ್ದು. 2022ರಲ್ಲಿ ಕೇಂದ್ರ ಹೊರಡಿಸಿದ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ. ಎಂದಿತ್ತು. ಅದೂ ಶೇ. 33 ಅಥವಾ ಹೆಚ್ಚು ಹಾನಿಯಾಗಿದ್ದರೆ ಮಾತ್ರ, ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆ ಲೆಕ್ಕದಲ್ಲಿ ಸುಮಾರು 3,400 ರೂ. ಎರಡು ಚೀಲ ಗೊಬ್ಬರ, ಬೀಜ, ಕೂಲಿ ಸೇರಿಸಿದರೆ ಮುಗಿಯಿತು. ಈ ಹಣವೂ ಸಾಮಾನ್ಯವಾಗಿ ಪಹಣಿಯಲ್ಲೋ ಪಾಸ್‌ಬುಕ್ಕಿನಲ್ಲೋ ಹೆಸರಿದ್ದವರ ಕೈಗೆ ಹೋಗುತ್ತದೆ. ಲಾವಣಿಗೆ ಹೊಲ ಹಿಡಿದವನು, ತೆಲುಗಿನಲ್ಲಿ ಕೌಲು ರೈತ ಎನ್ನುತ್ತೇವಲ್ಲ, ಅವನು ಬಿತ್ತಿ ಕಳೆದುಕೊಂಡರೂ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಕೆಲಸ ನಿಂತ ಕೂಲಿಯವರ ಗತಿಯೂ ಅಷ್ಟೇ. ಚಂದಾ ಹಣ ಮೊದಲು ಮುಟ್ಟಬೇಕಾದ್ದು ಇಂಥವರಿಗೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಸಂಸ್ಥೆಯವರನ್ನು ಕೇಳಿ: ನಿಮ್ಮ ಪಟ್ಟಿ ಮಾಡಿದವರು ಯಾರು? ತಹಸೀಲ್ ಕಚೇರಿಯ ಪಟ್ಟಿಯನ್ನೇ ನಕಲು ಮಾಡಿದ್ದೀರಾ, ಇಲ್ಲ ಮನೆ ಮನೆಗೆ ಹೋಗಿದ್ದೀರಾ?

ಊರು ಬಲ್ಲ ಸಂಸ್ಥೆಗೂ ನೆರೆ ಬಂದ ಮೇಲೆ ಬ್ಯಾನರ್ ಕಟ್ಟಿಕೊಂಡು ಬಂದ ಸಂಸ್ಥೆಗೂ ವ್ಯತ್ಯಾಸ ಇಲ್ಲಿಯೇ. ನಮ್ಮ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳನ್ನು ನೋಡಿ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದ ಈ ಹೆಂಗಸರು ಜೋಳ, ನವಣೆ, ತೊಗರಿ ಬೀಜಗಳನ್ನು ಬೂದಿ, ಬೇವಿನ ಸೊಪ್ಪು ಹಾಕಿ ಕಾಯ್ದಿಟ್ಟವರು. ಬೆಳೆ ಹೋದ ಊರಿಗೆ ಎಂಥ ಬೀಜ ಬೇಕೆಂದು ಇಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೇಳದೆ ಕೊಟ್ಟದ್ದು ಹೇಗಾಗುತ್ತದೆ ಎಂಬುದಕ್ಕೆ 2009ರ ಉದಾಹರಣೆ ಇದೆ. ಆ ಅಕ್ಟೋಬರಿನಲ್ಲಿ ಕರ್ನೂಲು, ಮಂತ್ರಾಲಯ ಮುಳುಗಿದವು, ಉತ್ತರ ಕರ್ನಾಟಕವೂ ತತ್ತರಿಸಿತು. ಕರ್ನಾಟಕದಲ್ಲಿ ದಾನಿಗಳ ನೆರವಿನಿಂದ ‘ಆಸರೆ’ ಯೋಜನೆಯಡಿ ಹೊಸ ಊರುಗಳನ್ನೇ ಕಟ್ಟಿದರು. ಸಾವಿರಾರು ಮಂದಿಗೆ ಸೂರು ಸಿಕ್ಕಿತು, ನಿಜ. ಆದರೆ ಕೆಲವೆಡೆ ಹೊಲಕ್ಕೆ ದೂರ, ನೀರಿಲ್ಲ, ದನ ಕಟ್ಟಲು ಜಾಗವಿಲ್ಲ ಎಂದು ಜನ ಹಳೆ ಊರಲ್ಲೇ ಉಳಿದರು. ಮನೆಗಳ ಸುತ್ತ ಜಾಲಿ ಬೆಳೆಯಿತು.

ಈಗ ಮೋಸದ ವಿಚಾರ. 2020ರ ಮಾರ್ಚಿನಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದ ಬೆನ್ನಿಗೇ ಅದರ ಯುಪಿಐ ಐಡಿಯಿಂದ ಕೊನೆಯ ‘ಎಸ್’ ಅಕ್ಷರ ಒಂದನ್ನು ಬಿಟ್ಟು ಖದೀಮರು ನಕಲಿ ಐಡಿ ಮಾಡಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡ್ ನಂಬಬೇಡಿ. ನಿಧಿಯ ಸ್ವಂತ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಹಣ ಕಳಿಸುವ ಮೊದಲು ಫೋನಿನಲ್ಲಿ ಮೂಡುವ ಖಾತೆದಾರರ ಹೆಸರು ಓದಿ. ಸಂಸ್ಥೆಯ ಬದಲು ಯಾವುದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಸಂಸ್ಥೆ ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿದೆಯೇ ಎಂದು ಯಾರಾದರೂ ನೋಡಬಹುದು, ಆದರೆ ನೋಂದಣಿ ಇದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿದೆ ಎಂದಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ತೆರಿಗೆ ವಿನಾಯಿತಿ ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2,000 ರೂ. ಮೀರಿದ ನಗದು ದಾನಕ್ಕೆ ಅದೂ ಇಲ್ಲ. ರಸೀದಿಯನ್ನಂತೂ ನೂರು ರೂಪಾಯಿಗೂ ಕೇಳಿ ಪಡೆಯಿರಿ.

ಕೊನೆಯದಾಗಿ, ಎಲ್ಲವನ್ನೂ ಮೊದಲ ವಾರವೇ ಕೊಟ್ಟು ಮುಗಿಸಬೇಡಿ. ಟಿವಿಯವರು ಊರಲ್ಲಿರುವ ತನಕ ಹಣವೂ ಬರುತ್ತದೆ, ಆಮೇಲೆ ಎರಡೂ ಇಲ್ಲ. ಸಾವಿರ ಕೊಡಬೇಕೆಂದಿದ್ದರೆ ಐನೂರು ಈಗ ಕೊಡಿ. ಉಳಿದ ಐನೂರನ್ನು ನೀರಿಳಿದು, ಹೊಲ ಆರಿ, ಹಿಂಗಾರಿ ಜೋಳ ಕಡಲೆಗೆ ಬೀಜ ಕೊಳ್ಳುವ ದಿನಕ್ಕೆ ಇಟ್ಟುಕೊಳ್ಳಿ.