ಯುವಕರ ಎದೆನೋವು: ಅಲಕ್ಷ್ಯ ಸಲ್ಲದು

ಇಪ್ಪತ್ತೈದರ ಹರೆಯದಲ್ಲಿ ಎದೆ ನೋಯತೊಡಗಿದರೆ ‘ಗ್ಯಾಸ್’ ಎಂದು ಭಾವಿಸಿ, ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಅನೇಕರು. ಆ ಊಹೆ ಹಲವು ಬಾರಿ ನಿಜವೂ ಆಗಿರುತ್ತದೆ. ಆಮ್ಲಪಿತ್ತ, ಪಕ್ಕೆಲುಬಿನ ಸಂದಿಯ ಉರಿಯೂತ, ಮನಸ್ಸಿನ ಆತಂಕ ಇವೂ ಎದೆನೋವನ್ನು ತರುತ್ತವೆ. ಆದರೆ ಹೃದಯಾಘಾತವೂ ಹೀಗೆಯೇ ಆರಂಭವಾಗಬಲ್ಲದು. ಈ ಭೇದವನ್ನು ನಾವು ಮನೆಯಲ್ಲಿ ಕುಳಿತು ನಿರ್ಣಯಿಸಲಾರೆವು.

ಹಿಂಡಿದಂತಹ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು, ಏದುಸಿರು ಕಂಡರೆ ಕೂಡಲೇ 108ಕ್ಕೆ ಕರೆಮಾಡಬೇಕು. ತಾವೇ ವಾಹನ ಓಡಿಸಿಕೊಂಡು ಹೋಗಬಾರದು. ಆಸ್ಪತ್ರೆ ತಲುಪಿದ 10 ನಿಮಿಷಗಳೊಳಗೆ ಇ.ಸಿ.ಜಿ. ಆಗಬೇಕೆಂಬುದು ವೈದ್ಯಶಾಸ್ತ್ರದ ಸೂಚನೆ. ಮೊದಲ ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಹೇಳಲಾಗದು. ಆದ್ದರಿಂದಲೇ ರಕ್ತದ ಟ್ರೋಪೋನಿನ್ ಪರೀಕ್ಷೆಯನ್ನು ಅಗತ್ಯವಿದ್ದಾಗ ಕೆಲವು ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ಮಾಡುತ್ತಾರೆ.

ಕೊನೆಗೆ ‘ಹೃದಯಕ್ಕೆ ಏನೂ ಆಗಿಲ್ಲ’ ಎಂದು ತಿಳಿದರೆ ನಾವು ನಾಚಬೇಕಾಗಿಲ್ಲ. ನೆಮ್ಮದಿಯಿಂದ ಮನೆಗೆ ಮರಳಬಹುದು.