ಎಂಬತ್ತೆಂಟೋ, ತೊಂಬತ್ತಾರೋ?

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತ ನಿಂತಿದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಈ ದೊರೆ 1076ರಲ್ಲಿ ಪಟ್ಟಕ್ಕೆ ಬಂದವನೇ ಶಕ ವರ್ಷದ ಎಣಿಕೆಯನ್ನು ಬದಿಗಿಟ್ಟು, ಚಾಳುಕ್ಯ ವಿಕ್ರಮ ವರ್ಷ ಎಂಬ ಹೊಸ ಲೆಕ್ಕ ಹೂಡಿದ. ಶಕ 998, ನಳ ಸಂವತ್ಸರ ಅದರ ಮೊದಲ ವರ್ಷವಾಯಿತು. ಕಲ್ಲಿನಲ್ಲಿ ಬರೀ ‘37ನೆಯ ವರ್ಷ’ ಎಂದಿದ್ದರೆ ಓದುವವನು ದಾರಿ ತಪ್ಪುತ್ತಾನೆ. ಜೊತೆಗೆ ನಂದನ ಸಂವತ್ಸರ ಎಂದಿದ್ದರೆ 1112 ಎಂದು ತಾಳೆ ನೋಡಬಹುದು. ಅಂಕಿ ಒಂದೇ ಇದ್ದರೂ ಎಣಿಕೆಯ ಬುಡ ಬೇರೆಯಾದರೆ ಅರ್ಥವೇ ಬೇರೆ.

ಇದೇ ತೊಡಕು ಈಗ ಅದೇ ಬಸವಕಲ್ಯಾಣದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಪ್‌ಟಾಪಿಗೂ ಬಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಪೈಥಾನ್ ಪಾಠವಾಯಿತು. ಪೈಥಾನ್ ಬಂದಲ್ಲಿ ಅಂಕಿಸಾಲುಗಳ ಲೆಕ್ಕ ಮಾಡುವ ಲೈಬ್ರರಿ ನಮ್‌ಪೈ ಬರುತ್ತದೆ, ನಮ್‌ಪೈ ಹಿಂದೆ ಪಾಂಡಾಸ್, ಸೈಪೈ, ಪೈಟಾರ್ಚ್ ಎಲ್ಲ ಸಾಲುಗಟ್ಟುತ್ತವೆ. 2024ರ ಜೂನ್ 16ರಂದು ನಮ್‌ಪೈ 2.0 ಬಿಡುಗಡೆಯಾದ ಮೇಲೆ ಲೋಕದ ಎಷ್ಟೋ ಕಡೆ ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಂಗಳು ಮೊದಲ ಸಾಲಿಗೇ ನಿಂತವು. ತೆರೆಯ ಮೇಲೆ ಬಂದ ದೂರಿನ ಸಾರಾಂಶ ಇಷ್ಟು: ಹೆಡರ್ (ಪ್ಯಾಕೇಜು ಕಟ್ಟುವಾಗ ಬಳಸಿದ ಘೋಷಣೆಯ ಕಡತ) ಹೇಳಿದ್ದು 96, ಸಿಕ್ಕಿದ್ದು 88.

ಆ ಅಂಕಿಗಳು ಬೈಟ್‌ಗಳ ಲೆಕ್ಕ. ಪೈಥಾನ್ ನಿಧಾನದ ಭಾಷೆ. ಭಾರಿ ಲೆಕ್ಕಗಳನ್ನು ಈ ಲೈಬ್ರರಿಗಳ ಒಳಗಿರುವ ಸಿ ಮತ್ತು ಫೋರ್ಟ್ರಾನ್ ಕೋಡ್ ಮಾಡುತ್ತದೆ. ಆ ಕೋಡ್ ಯಂತ್ರಭಾಷೆಗೆ ಇಳಿಯುವಾಗ ನಮ್‌ಪೈನ ಒಂದೊಂದು ವಿವರವೂ ಮೆಮೊರಿಯಲ್ಲಿ ಎಷ್ಟನೆಯ ಬೈಟಿನಲ್ಲಿದೆ ಎಂಬುದು ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಹಳೆಯ ನಮ್‌ಪೈ ನಂಬಿ ಕಟ್ಟಿದ ಪ್ಯಾಕೇಜಿಗೆ ಹೊಸದು ಎದುರಾದರೆ ಅದು ತಪ್ಪು ಜಾಗಕ್ಕೆ ಕೈ ಹಾಕುತ್ತದೆ. ತಪಾಸಣೆ ಇದ್ದರೆ ದೂರು ಬರುತ್ತದೆ. ಇಲ್ಲದಿದ್ದರೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಪ್ರೋಗ್ರಾಂ ಸಾಯುತ್ತದೆ.

ಈ ಜಗಳ ಹಳೆಯದು. 1995ರಲ್ಲಿ ಜಿಮ್ ಹ್ಯುಗುನಿನ್ ‘ನ್ಯೂಮೆರಿಕ್’ ಬರೆದರು. ಹಬಲ್ ದೂರದರ್ಶಕದ ಚಿತ್ರರಾಶಿಗೆ ಅದು ಸಾಲದೆಂದು ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯವರು ‘ನಮ್‌ಅರೇ’ ಕಟ್ಟಿದರು. ಒಂದಕ್ಕೆ ಬರೆದ ಲೈಬ್ರರಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಬಳಕೆದಾರರು ಎರಡು ಪಾಲಾದರು. ಟ್ರಾವಿಸ್ ಒಲಿಫಂಟ್ ಎರಡನ್ನೂ ಬೆಸೆದು 2006ರಲ್ಲಿ ನಮ್‌ಪೈ 1.0 ಕೊಟ್ಟರು. ಆ ಮುಖ್ಯ ಅಂಕಿ ಬದಲಾಗಲು ಹದಿನೆಂಟು ವರ್ಷ ಹಿಡಿಯಿತು. ಹಳೆಯ ಪ್ಯಾಕೇಜುಗಳು ಮುರಿಯುತ್ತವೆ ಎಂದು ಅದರ ತಂಡ ಮೊದಲೇ ಸಾರಿತ್ತು. 2.0 ಜೊತೆ ಕಟ್ಟಿದ ಪ್ಯಾಕೇಜು ಹಳೆಯದರ ಜೊತೆಗೂ ನಡೆಯುವಂತೆ ದಾರಿಯನ್ನೂ ಮಾಡಿತ್ತು. ಹಳೆಯದರ ಜೊತೆ ಕಟ್ಟಿದ್ದು ಮಾತ್ರ ಹೊಸದರಲ್ಲಿ ನಡೆಯದು.

ಇನ್ನೊಂದು ಜಗಳ ಇನ್ನೂ ಆಳದ್ದು. ಮ್ಯಾಟ್ರಿಕ್ಸ್ ಗುಣಾಕಾರದಂಥ ಮೂಲ ಲೆಕ್ಕಗಳಿಗೆ ‘ಬ್ಲಾಸ್’ ಎಂಬ ಒಪ್ಪಂದವಿದೆ. ಒಪ್ಪಂದ ಒಂದೇ, ಅದನ್ನು ಪಾಲಿಸುವ ಲೈಬ್ರರಿಗಳು ಹಲವು: ಓಪನ್‌ಬ್ಲಾಸ್, ಇಂಟೆಲ್‌ನ ಎಂಕೆಎಲ್, ಆಪಲ್‌ನ ಆಕ್ಸಿಲರೇಟ್. ಎಲ್ಲೆಡೆ ಸುಲಭವಾಗಿ ಓಡಲೆಂದು ಪ್ಯಾಕೇಜುಗಳು ತಮಗೆ ಬೇಕಾದ ಪ್ರತಿಯನ್ನು ತಾವೇ ಹೊತ್ತು ತರುತ್ತವೆ. ಕೆಲಸವನ್ನು ಪ್ರೊಸೆಸರಿನ ಕೋರ್‌ಗಳಿಗೆ ಹಂಚುವ ಓಪನ್‌ಎಂಪಿಯ ಪ್ರತಿಯೂ ಹಾಗೆಯೇ ಬರುತ್ತದೆ. ಪ್ಯಾಕೇಜು ಹಾಕುವ ಸಾಧನಗಳು ಎರಡಿವೆ ಎನ್ನಿ, ಕಾಂಡಾ ಮತ್ತು ಪಿಪ್; ಕಾಂಡಾದಿಂದ ನಮ್‌ಪೈ, ಪಿಪ್‌ನಿಂದ ಪೈಟಾರ್ಚ್ ಹಾಕಿಕೊಂಡರೆ ಒಂದೇ ಪ್ರೋಗ್ರಾಂ ಒಳಗೆ ಎರಡು ಓಪನ್‌ಎಂಪಿ ಎದುರಾಗಿ, ‘ಎರರ್ 15’ ಎಂದು ಎಲ್ಲ ನಿಲ್ಲಬಹುದು.

ಅದಕ್ಕೊಂದು ಅಡ್ಡದಾರಿ ಇದೆ: ಪ್ರತಿ ಎರಡಿದ್ದರೂ ಇರಲಿ ಎಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದನ್ನು ಸೆಟ್ ಮಾಡುವುದು. ಹಲವರು ಮೊದಲು ಹಿಡಿಯುವುದೂ ಇದನ್ನೇ. ಆ ದೋಷಸಂದೇಶವೇ ಎಚ್ಚರಿಸುತ್ತದೆ: ಹೀಗೆ ಮಾಡಿದರೆ ಪ್ರೋಗ್ರಾಂ ಬೀಳಬಹುದು, ಇಲ್ಲವೇ ಸದ್ದಿಲ್ಲದೆ ತಪ್ಪು ಉತ್ತರ ಕೊಡಬಹುದು. ಬಿದ್ದ ಪ್ರೋಗ್ರಾಂ ಯಾರನ್ನೂ ಮೋಸಗೊಳಿಸುವುದಿಲ್ಲ. ತಪ್ಪು ಉತ್ತರವಾದರೋ ಗ್ರಾಫ್ ಆಗಿ, ವರದಿಯಾಗಿ ಮುಂದೆ ಸಾಗುತ್ತದೆ.

ನೇರ ದಾರಿ ಕೊಂಚ ಉದ್ದ, ಕಷ್ಟವೇನಲ್ಲ. 2012ರ ಪೈಥಾನ್ 3.3ರಿಂದ ‘ಫಾಲ್ಟ್‌ಹ್ಯಾಂಡ್ಲರ್’ ಜೊತೆಗೇ ಬರುತ್ತದೆ. ಸಾಯುವ ಹೊತ್ತಿಗೆ ಪ್ರೋಗ್ರಾಂ ಯಾವ ಸಾಲಿನಲ್ಲಿತ್ತೆಂದು ಅದು ತೋರಿಸುತ್ತದೆ. ‘ಥ್ರೆಡ್‌ಪೂಲ್‌ಸಿಟಿಎಲ್’ ಎಂಬ ಚಿಕ್ಕ ಪ್ಯಾಕೇಜು ಯಾವ ಬ್ಲಾಸ್, ಯಾವ ಓಪನ್‌ಎಂಪಿ ಯಾವ ಫೋಲ್ಡರಿನಿಂದ ಬಂದಿವೆ ಎಂದು ಪಟ್ಟಿ ಕೊಡುತ್ತದೆ. ಇಂಪೋರ್ಟ್ ಸಾಲುಗಳನ್ನು ಹಿಂದುಮುಂದು ಮಾಡಿದಾಗ ನಡವಳಿಕೆ ಬದಲಾದರೆ ಲೈಬ್ರರಿಗಳ ತಿಕ್ಕಾಟದ ಗುಮಾನಿ ಬಲವಾಗುತ್ತದೆ. ಆಮೇಲೆ ಖಾಲಿ ಎನ್ವಿರಾನ್‌ಮೆಂಟ್ ತೆರೆದು, ಎಲ್ಲವನ್ನೂ ಒಂದೇ ಮೂಲದಿಂದ, ಒಂದೊಂದಾಗಿ ಹಾಕುತ್ತ ಎಲ್ಲಿ ಬೀಳುತ್ತದೆಂದು ನೋಡಬೇಕು.

ಇದರಲ್ಲಿ ಯಾವ ಲೈಬ್ರರಿಯದೂ ತಪ್ಪಿಲ್ಲದಿರಬಹುದು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ನಿಷ್ಠೆಯಿಂದ ಬರೆದ ಕೋಡ್ ಒಂದೇ ಮೆಮೊರಿಯಲ್ಲಿ ಕೂಡುತ್ತದೆ; ತಾನು ಯಾವ ಲೆಕ್ಕಕ್ಕೆ ಸೇರಿದವನೆಂದು ಪ್ರತಿಯೊಬ್ಬನೂ ಹೇಳಿದರಷ್ಟೇ ಬಾಳುವೆ. ಆದ್ದರಿಂದ ಕಾಲೇಜಿನ ಪ್ರಾಜೆಕ್ಟ್ ವರದಿಗಳಲ್ಲಿ ಕೃತಜ್ಞತೆಯ ಪುಟದ ಪಕ್ಕದಲ್ಲೇ ಪೈಥಾನ್ ಮತ್ತು ಲೈಬ್ರರಿಗಳ ಆವೃತ್ತಿಗಳಿಗೂ ಒಂದು ಪುಟ ಇರಲಿ. ‘ಪಿಪ್ ಫ್ರೀಜ್’ ಎಂದು ಟೈಪ್ ಮಾಡಿದರೆ ಲೈಬ್ರರಿಗಳ ಪಟ್ಟಿ ಸಿದ್ಧ; ಪೈಥಾನ್‌ನ ಆವೃತ್ತಿಯನ್ನು ಮಾತ್ರ ಬೇರೆಯಾಗಿ ಬರೆಯಬೇಕು. ಮುಂದಿನ ವರ್ಷ ಅದೇ ಕೋಡ್ ಓಡಿಸಲು ಕೂರುವ ಜೂನಿಯರ್‌ಗೆ ಮೊದಲು ಬೇಕಾಗುವುದು ಆ ಪುಟವೇ.