ಮೊದಲು ಚಕ್ರ, ಆಮೇಲೆ ಮಂಚ!

ಹಳೇ ಕ್ಯಾರವಾನ್‌ಗೆ ಕಡಿಮೆ ದುಡ್ಡಿನಲ್ಲಿ ಮರುಜನ್ಮ ಕೊಡುವ ಗುಟ್ಟು

ಷೂಟಿಂಗ್ ನೋಡಲು ಹೋದ ಅಭಿಮಾನಿಗೆ ಹೀರೋ ಕಾಣಿಸ್ತಾನೋ ಇಲ್ಲವೋ, ಅವನ ಕ್ಯಾರವಾನ್ ಮಾತ್ರ ಕಂಡೇ ಕಾಣುತ್ತೆ. ಒಳಗೆ ಮಂಚ, ಕನ್ನಡಿ, ಎ.ಸಿ.! ‘ಗುರೂ, ನಮಗೂ ಇಂಥದ್ದೊಂದು ಇದ್ದಿದ್ರೆ...’ ಅಂತ ನಿಟ್ಟುಸಿರು ಬಿಡದ ಹುಡುಗ ಯಾರು? ಹಳೇ ಗಾಡಿ ಕೊಂಡು ನಾವೇ ರಿಪೇರಿ ಮಾಡಿಕೊಂಡರೆ ಆ ಆಸೆ ಕೈಗೆಟುಕದ್ದೇನಲ್ಲ. ಆದರೆ ಆಸೆ ಎಲ್ಲಿಂದ ಶುರುವಾಗುತ್ತೋ ಕೆಲಸ ಅಲ್ಲಿಂದ ಶುರುವಾಗಬಾರದು!

ನಮ್ಮವರಿಗೂ ಈ ವೈಭೋಗ ಮೊದಲಿನಿಂದ ಇರಲಿಲ್ಲ. 1972ರ ‘ನಾಗರಹಾವು’ ಚಿತ್ರಕ್ಕೆ ಚಿತ್ರದುರ್ಗದ ಬಂಡೆಗಳ ಮೇಲೆ ಕ್ಯಾಮೆರಾ ಓಡಿದಾಗ ವ್ಯಾನಿಟಿ ವ್ಯಾನ್ ಎಂಬ ಹೆಸರೇ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಮುಂಬಯಿಯಲ್ಲಿ ಅದನ್ನು ಚಾಲ್ತಿಗೆ ತಂದವರಲ್ಲಿ ನಟಿ ಪೂನಂ ಧಿಲ್ಲೋನ್ ಹೆಸರು ಮುಖ್ಯ.

ರಥವಾದ ಹಳೇ ವ್ಯಾನ್

ಅದಕ್ಕೂ ಮುಂಚೆಯೇ ಒಬ್ಬ ಸೂಪರ್‌ಸ್ಟಾರ್ ಹಳೇ ವ್ಯಾನನ್ನೇ ಮನೆ ಮಾಡಿಕೊಂಡಿದ್ದರು. ಗೌರಿಬಿದನೂರಿನಿಂದ ವಿದುರಾಶ್ವತ್ಥ ದಾಟಿ ಮುಂದೆ ಹೋದರೆ ಸಿಗುವ ಊರು ಆಂಧ್ರದ ಹಿಂದೂಪುರ. 1985, 1989, 1994ರಲ್ಲಿ ಅಲ್ಲಿಂದ ಗೆದ್ದವರು ಎನ್.ಟಿ. ರಾಮರಾವ್. ಈ ಗಡಿಸೀಮೆಯ ಹುಡುಗರಿಗೆ ಅಣ್ಣಾವ್ರೂ ನಮ್ಮವರೇ, ರಾಮರಾಯರೂ ಪಕ್ಕದ್ಮನೆಯವರೇ!

1982ರ ಮಾರ್ಚ್ 29ರಂದು ಪಕ್ಷ ಕಟ್ಟಿದ ರಾಮರಾಯರು ಊರೂರು ಸುತ್ತಲು ಆರಿಸಿಕೊಂಡದ್ದು ಹೊಸ ಗಾಡಿಯನ್ನಲ್ಲ, ಒಂದು ಹಳೇ ಷೆವರ್ಲೆ ವ್ಯಾನನ್ನ. ರಿಪೇರಿಯಾಗಿ ಅದು ‘ಚೈತನ್ಯ ರಥಂ’ ಆಯಿತು. ಮೇಲೆ ನಿಂತರೆ ವೇದಿಕೆ, ಒಳಗೆ ಮಲಗಿದರೆ ಮನೆ. ಸ್ಟಿಯರಿಂಗ್ ಹಿಡಿದವರು ಮಗ ಹರಿಕೃಷ್ಣ. ಸ್ನಾನ, ಊಟ ಎಲ್ಲಾ ರಸ್ತೆ ಬದಿಯಲ್ಲೇ. 1983ರ ಜನವರಿ 9ರಂದು ರಾಮರಾಯರು ಮುಖ್ಯಮಂತ್ರಿ! ಆ ವ್ಯಾನ್ ಹೆಸರು ಮಾಡಿದ್ದು ಸೋಫಾದಿಂದಲ್ಲ ಸ್ವಾಮಿ, ತಿಂಗಳುಗಟ್ಟಲೆ ಓಡಿದ್ದರಿಂದ. ನಮಗೆ ಬೇಕಾದ ಪಾಠ ಅದೇ.

ಕಾಗದ ಇಲ್ಲದ ಅರಮನೆ ಗುಜರಿ

ಹಳೇ ಟೆಂಪೋ ಟ್ರಾವೆಲರ್ ಕೊಂಡು ಸೀಟು ಕಿತ್ತು ಮಂಚ ಹಾಕಿದರಾಯಿತು ಅಂದ್ಕೊಂಡ್ರಾ? ನಿಲ್ಲಿ! 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ರೂಪವನ್ನು ನಮ್ಮಿಷ್ಟದಂತೆ ಬದಲಾಯಿಸುವಂತಿಲ್ಲ. ತಪ್ಪಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು.

ಬಡವನ ದಾರಿ ಬೇರೆ ಇದೆ. ಆರ್.ಸಿ.ಯಲ್ಲೇ ಮೋಟಾರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದು ನಮೂದಾಗಿರುವ ಹಳೇ ಗಾಡಿಯನ್ನೇ ಹುಡುಕಿ. ಷೂಟಿಂಗ್‌ಗೆ ಬಾಡಿಗೆ ಓಡಿ ದಣಿದ ಗಾಡಿಯಾದರೂ ಸೈ. ಇದ್ದದ್ದನ್ನು ಇದ್ದ ಹಾಗೇ ರಿಪೇರಿ ಮಾಡುವುದು ಬೇರೆ, ರೂಪ ಬದಲಿಸುವುದು ಬೇರೆ. ಅಡ್ವಾನ್ಸ್ ಕೊಡೋ ಮುಂಚೆ ಆರ್.ಸಿ. ತೋರಿಸಿ ಆರ್.ಟಿ.ಓ. ಕಚೇರಿಯಲ್ಲಿ ಒಂದು ಮಾತು ಕೇಳಿ. ಖಾಸಗಿ ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣದ ಖರ್ಚೂ ನಿಮ್ಮ ತಲೆಗೇ!

ಸ್ಕ್ರೂಡ್ರೈವರ್ ಸುಳ್ಳು ಹೇಳಲ್ಲ

ಹೊಸ ಪೇಂಟ್ ಹೊಡೆದ ಗಾಡಿ ಮೇಕಪ್ ಹಾಕಿದ ಮುಖದ ಹಾಗೆ. ಗಾಡಿ ಕೆಳಗೆ ನುಗ್ಗಿ, ಚಾಸಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಪುಡಿಪುಡಿ ಉದುರಿ ತೂತು ಬಿದ್ದರೆ ಕೈ ಮುಗಿದು ಬಂದುಬಿಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಗುಂಡಿ ಎಷ್ಟೇ ಆಳವಿದ್ದರೂ ವಯಸ್ಸಾದ ಟೈರನ್ನು ನಂಬಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಬಿಸಿಯಾದಾಗ ಕೈಕೊಡುತ್ತೆ. ಕೊಂಡ ದಿನವೇ ಬದಲಾಯಿಸಿ. ಆಮೇಲೆ ಚಾವಣಿಗೆ ನೀರು ಸುರಿದು, ಒಳಗೆ ಎಲ್ಲಿ ತೊಟ್ಟಿಕ್ಕುತ್ತೆ ನೋಡಿ.

ಕೈಯಲ್ಲಿ 10 ರೂಪಾಯಿ ಇದ್ದರೆ 5 ಚಕ್ರ, ಬ್ರೇಕ್, ಎಂಜಿನ್‌ಗೆ, 2 ಕಾಗದಪತ್ರಕ್ಕೆ, 2 ಒಳಗಿನ ಮನೆಗೆ. ಉಳಿದ 1 ಜೇಬಲ್ಲೇ ಇರಲಿ, ದಾರಿಯಲ್ಲಿ ಬೇಕಾಗುತ್ತೆ!

ಈಗ ಒಳಗೆ ಬನ್ನಿ

ಕೊಳೆತ ಹಲಗೆ ಬದಲಾಯಿಸುವಾಗ ತೂಕದ ಲೆಕ್ಕ ಮರೀಬೇಡಿ. 8 ಅಡಿಗೆ 4 ಅಡಿಯ 18 ಮಿ.ಮೀ. ಪ್ಲೈವುಡ್ ಹಾಳೆ ಸುಮಾರು 32 ಕಿಲೋ ತೂಗುತ್ತೆ, 12 ಮಿ.ಮೀ.ದು ಸುಮಾರು 21. ಹತ್ತು ಹಾಳೆಗೆ ನೂರು ಕಿಲೋ ಮೇಲೆ ಉಳಿತಾಯ, ಅಂದರೆ ಇಬ್ಬರು ಗೆಳೆಯರಿಗೆ ಹೆಚ್ಚಿಗೆ ಜಾಗ! ನೀರಿನ ಟ್ಯಾಂಕೂ ಅಷ್ಟೇ: 60 ಲೀಟರ್ ಅಂದರೆ 60 ಕಿಲೋ.

ಎ.ಸಿ. ಆಸೆ ಬಿಡಿ. 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 600 ವಾಟ್-ಅವರ್. ಒಂದು ಟನ್ ಎ.ಸಿ. ಅದನ್ನು ಅರ್ಧ-ಮುಕ್ಕಾಲು ಗಂಟೆಯಲ್ಲೇ ಕುಡಿದು ಮುಗಿಸುತ್ತೆ. ಅದೇ 25 ವಾಟಿನ ಫ್ಯಾನು 8 ಗಂಟೆ ತಿರುಗಿ, ನಾಲ್ಕು ಎಲ್.ಇ.ಡಿ. ದೀಪ ಉರಿದು, ಎರಡು ಫೋನ್ ಚಾರ್ಜ್ ಆದರೂ 350 ದಾಟಲ್ಲ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ; ಇಲ್ಲದಿದ್ದರೆ ಒಂದು ವೈರು ತಾಗಿದರೂ ಬೆಂಕಿ.

ಅಡುಗೆ ಮಾತ್ರ ಹೊರಗೆ, ಬಯಲಲ್ಲಿ. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮಲಗಿದವನ ಮೂಗಿನ ಮಟ್ಟದಲ್ಲೇ ನಿಲ್ಲುತ್ತೆ. ಮುಚ್ಚಿದ ಗಾಡಿಯೊಳಗೆ ಸ್ಟವ್, ಇದ್ದಿಲು ಉರಿಸಿ ಮಲಗುವುದು, ಪಕ್ಕದಲ್ಲೇ ಜನರೇಟರ್ ಓಡಿಸಿ ಮಲಗುವುದು, ಎರಡೂ ಸಾವಿಗೆ ಕೊಟ್ಟ ಕಾಲ್‌ಷೀಟ್! ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಎಬ್ಬಿಸದೇ ಕೊಲ್ಲುತ್ತೆ.

ಟ್ರಯಲ್ ಷೋ ವಿದುರಾಶ್ವತ್ಥದಲ್ಲಿ

ಮೊದಲ ಪ್ರಯಾಣಕ್ಕೇ ಕಾಶ್ಮೀರ ಬೇಡ. ಬೆಂಗಳೂರು ಬಿಟ್ಟು ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ವಿದುರಾಶ್ವತ್ಥ. ಸುಮಾರು 80 ಕಿಲೋಮೀಟರ್. ಕೆಟ್ಟರೆ ಮೆಕ್ಯಾನಿಕ್ ಸಿಗುವ ದಾರಿ. ತಲುಪಿದ ಮೇಲೆ ಚಕ್ರದ ನಡುಭಾಗದ ಹತ್ತಿರ ಕೈ ತನ್ನಿ. ಒಂದು ಮಾತ್ರ ಹೆಚ್ಚು ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗಿದೆ ಅಂತ ಲೆಕ್ಕ. ಅಲ್ಲಿನವರನ್ನು ಕೇಳಿ, ಒಪ್ಪಿದ ಜಾಗದಲ್ಲೇ ರಾತ್ರಿ ಗಾಡಿ ನಿಲ್ಲಿಸಿ. ಬೆಳಿಗ್ಗೆ ಸಾಲು ನಾಗರಕಲ್ಲುಗಳನ್ನು ನೋಡಿ, ವೀರಸೌಧಕ್ಕೂ ಹೋಗಿ ಬನ್ನಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನ ಗುಂಡಿಗೆ ಎದೆ ಕೊಟ್ಟ ನೆಲ ಅದು.

ಮುಂದೆ ಹಿಂದೂಪುರದ ಗಡಿ. ಅಲ್ಲಿ ಗಾಡಿ ತಡೆದರೆ ಕೇಳೋದು ಪರದೆಯ ಬಣ್ಣವನ್ನಲ್ಲ, ಆರ್.ಸಿ., ವಿಮೆ, ಹೊಗೆ ಪತ್ರವನ್ನ. ಅವು ಜೇಬಲ್ಲಿದ್ದು, ನಾಲ್ಕೂ ಚಕ್ರ ತಣ್ಣಗಿದ್ದರೆ, ಹುಡುಗ್ರಾ... ಈಗ ಮಂಚಕ್ಕೆ ಹಾಸಿಗೆ ಕೊಳ್ಳಿ!